ಒಲೆ ಉರಿಯುವ ಆಂಬುಲೆನ್ಸಿನಿಂದ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

"ವಾಸದ ವಾಹನದಲ್ಲಿ ರೋಗಿಗಳನ್ನು ಸಾಗಿಸಿ ಸಾರ್ವಜನಿಕ ಆರೋಗ್ಯಕ್ಕೆ ಧಕ್ಕೆ ತಂದ" ಅಪರಾಧಕ್ಕಾಗಿ ನನ್ನ ಮನೆಯನ್ನು ಏಕೆ ಮುಟ್ಟುಗೋಲು ಹಾಕಿಕೊಳ್ಳಬಾರದು ಎಂದು ತಾವು ಕಾರಣ ಕೇಳಿದ್ದೀರಿ. ಕಾರಣವನ್ನು ತಮ್ಮ ಕಚೇರಿಗೆ ಕಳಿಸಿದರೆ ಅದು ಕಪಾಟು ಸೇರಿ ನಿದ್ದೆ ಹೋಗುತ್ತದೆಂದು ಗೊತ್ತಿರುವುದರಿಂದ ಪತ್ರಿಕೆಗೇ ಕಳಿಸುತ್ತಿದ್ದೇನೆ, ಕಣಿವೆಯವರೂ ಓದಲಿ. ನಾನು ತಪ್ಪಿತಸ್ಥೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ನೋಟಿಸು ಬಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಓದುವ ಮೊದಲೇ ತಪ್ಪೊಪ್ಪಿಕೊಂಡುಬಿಟ್ಟೆ. ಓದಿದ ಮೇಲೆ ನಗು ಬಂತು. ರೋಗಿಗಳನ್ನು ಹತ್ತಿಸಿಕೊಂಡದ್ದು ನನ್ನ ತಪ್ಪೆಂದು ತಾವು ತಿಳಿದಿದ್ದೀರಿ. ಹತ್ತಿಸಿಕೊಳ್ಳದೆ ಹೋದ ಒಂದು ದಿನ ಇದೆ, ಅದರ ಬಗ್ಗೆ ತಮ್ಮ ನೋಟಿಸಿನಲ್ಲಿ ಒಂದಕ್ಷರವೂ ಇಲ್ಲ.

ಈ ಗಾಡಿ ಮೊದಲು ತಮ್ಮದೇ ಆಗಿತ್ತೆಂಬುದು ತಮಗೆ ಮರೆತಿರಬಹುದು. ಬ್ರೆಡ್ಡಿನ ಆಕಾರದ ಹಳೆಯ ರಷ್ಯನ್ ವ್ಯಾನು, ಎರಡೂ ಬದಿಗೆ ಕೆಂಪು ಗುರುತು, ಕಿಟಕಿಗಳಿಗೆ ಅರ್ಧದವರೆಗೆ ಬಿಳಿ ಗಾಜು. ಈ ಕಿರ್ಗಿಜ್ ಬೆಟ್ಟಗಳಲ್ಲಿ ಸೇತುವೆಯಿಂದ ಮೇಲಿರುವ ಇಡೀ ಕಣಿವೆಯ ಹೆರಿಗೆ, ಎದೆನೋವು, ಕುದುರೆ ಒದ್ದದ್ದು, ಮದುವೆಮನೆಯಲ್ಲಿ ಹೊಡೆದಾಡಿಕೊಂಡದ್ದು, ಎಲ್ಲವೂ ಇದರಲ್ಲೇ ಇಳಿದು ಆಸ್ಪತ್ರೆ ಸೇರುತ್ತಿದ್ದವು. ಆಮೇಲೆ ತಮಗೆ ಹೊಸ ಆಂಬುಲೆನ್ಸು ಬಂತು. ತಾವು ರಿಬ್ಬನ್ನು ಕತ್ತರಿಸಿದಿರಿ, ಭಾಷಣ ಮಾಡಿದಿರಿ, ನಾವು ಚಪ್ಪಾಳೆ ತಟ್ಟಿದೆವು. ಆ ಸುಂದರಾಂಗನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಡಾಂಬರು ಮುಗಿಯುವ ಸೇತುವೆಯವರೆಗೆ ಬಂದು ನಿಂತುಕೊಳ್ಳುತ್ತಾನೆ. ಮೇಲಿನವರು ಕಾಯಿಲೆ ಬೀಳುವುದಿದ್ದರೆ ಸೇತುವೆ ದಾಟಿ ಬಂದು ಬೀಳತಕ್ಕದ್ದು ಎಂದು ತಾವು ಸುತ್ತೋಲೆ ಹೊರಡಿಸುವುದೊಂದು ಬಾಕಿ. ಬೆಟ್ಟ ಹತ್ತುವ ಗಾಡಿಯನ್ನು ಗುಜರಿ ಎಂದು ಹರಾಜಿಗಿಟ್ಟಿರಿ, ಹತ್ತದ ಗಾಡಿಯನ್ನು ಉಳಿಸಿಕೊಂಡಿರಿ. ಕೂಗಿದವರು ತಾವು, ಕೊಂಡವಳು ನಾನು. ಹಾಗಾಗಿ ಈ ಪತ್ರದಲ್ಲಿ ತಮ್ಮನ್ನು ಬೈಯುವಾಗಲೆಲ್ಲ ಅರ್ಧ ಬೈಗುಳ ನನ್ನ ಮೇಲೂ ಬೀಳುತ್ತದೆ.

ನಾನು ಜೇನು ಸಾಕುವವಳು. ಹೂವು ಎಲ್ಲಿಗೆ ಹೋದರೆ ನನ್ನ ಪೆಟ್ಟಿಗೆಗಳು ಅಲ್ಲಿಗೆ, ಪೆಟ್ಟಿಗೆಗಳು ಹೋದಲ್ಲಿಗೆ ನಾನು. ಗಂಡ ತೀರಿಕೊಂಡ ಮೇಲೆ ಪಟ್ಟಣದ ಕೋಣೆಯನ್ನು ಮಾರಿ ಈ ಗಾಡಿಯನ್ನೇ ಮನೆ ಮಾಡಿಕೊಂಡೆ. ವೆಲ್ಡಿಂಗ್ ಕೆಲಸದ ತೆಮಿರ್ಕುಲ್ ನನ್ನ ಬಾಲ್ಯದ ಗೆಳೆಯ. ಸ್ಟ್ರೆಚರು ಜಾರುವ ಕಂಬಿಗಳನ್ನು ಅವನೇ ಕಿತ್ತು ಆ ಜಾಗದಲ್ಲಿ ಮಂಚ ಕೂರಿಸಿದ. ಗೋಡೆಗಳಿಗೆ ಉಣ್ಣೆಯ ಕಂಬಳಿ ಬಡಿದೆವು. ಛಾವಣಿಗೆ ತೂತು ಕೊರೆದು ತಗಡಿನ ಒಲೆಗೆ ಹೊಗೆಕೊಳವೆ ಇಟ್ಟೆವು. ಔಷಧಿಯ ಕಪಾಟಿಗೆ ಚಹಾಪುಡಿ, ಸಕ್ಕರೆ ಬಂದವು. ಗ್ಲುಕೋಸ್ ಬಾಟಲಿ ತೂಗುಹಾಕುವ ಕೊಕ್ಕೆಗೆ ಈರುಳ್ಳಿಯ ಗೊಂಚಲು ಕಟ್ಟಿದೆ. ಸ್ಟ್ರೆಚರನ್ನು ಹೊರಗೆ ಬಿಸಿಲಿಗೆ ಹಾಕಿ ಅದರ ಮೇಲೆ ಏಪ್ರಿಕಾಟ್ ಹಣ್ಣು ಒಣಗಿಸಿದೆ.

"ಥೂ, ಅದರ ಮೇಲೆ ಎಷ್ಟ್ ಜನ ಕಣ್ಮುಚ್ಚಿದಾರೋ ಏನೋ! ಹಣ್ಣು ಒಣಗಿಸ್ತೀಯಲ್ಲೇ ಮಾರಾಯ್ತಿ," ಎಂದ ತೆಮಿರ್ಕುಲ್.

"ಕಣ್ ಬಿಟ್ಟೋರೂ ಇದಾರೆ ಬಿಡೋ. ಹಣ್ಣಿಗೇನ್ ಗೊತ್ತಾಗುತ್ತೆ?" ಎಂದೆ.

ಬಿಸಿಲೇರಿದಾಗ ಗೋಡೆಯ ಪ್ಲೈವುಡ್ಡಿನೊಳಗಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು; ಜುನಿಪರ್ ಸೊಪ್ಪಿನ ಧೂಪ ಹಾಕಿದೆ. ಕೆಂಪು ಗುರುತಿಗೆ ನೀಲಿ ಬಣ್ಣ ಬಳಿದೆ. ಎಷ್ಟು ಬಳಿದರೂ ಕೆಂಪು ಅಡಿಯಿಂದ ಇಣುಕುತ್ತಲೇ ಇತ್ತು. ಆದರೂ ನಾನು ಸುಖವಾಗಿದ್ದೆ, ಮಾನ್ಯರೇ. ಬಿಳಿ ಗಾಜಿನ ಕಿಟಕಿಯಿಂದ ಬೆಳಗಿನ ಬೆಳಕು ಹಾಲಿನ ಹಾಗೆ ಒಳಗಿಳಿಯುವಾಗ ಹಾಸಿಗೆಯಲ್ಲೇ ಕೂತು ಚಹಾ ಕುಡಿಯುತ್ತಾ, ರಾಣಿಗೂ ಇಂಥ ಅರಮನೆ ಇರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ.

ದಾರಿಯಲ್ಲಿ ಜನ ಕೈ ಅಡ್ಡ ಹಾಕುತ್ತಿದ್ದರು. ಬಣ್ಣ ಬದಲಾದರೇನು, ಇಂಜಿನ್ನಿನ ಸದ್ದು ಕಣಿವೆಗೆಲ್ಲ ಬಾಯಿಪಾಠ. "ಇದೀಗ ಮನೆ ಕಣಪ್ಪ," ಎಂದರೆ ಎದೆಯ ಮೇಲೆ ಕೈಯಿಟ್ಟು, "ತಪ್ಪಾಯ್ತಕ್ಕ, ತಿಳೀಲಿಲ್ಲ," ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಅವರು ಆಮೇಲೆ ಯಾವುದರಲ್ಲಿ ಹೋದರು ಎಂದು ನಾನು ಕೇಳಲಿಲ್ಲ. ನನಗೆ ಕಿರಿಕಿರಿಯಾಗುತ್ತಿತ್ತು, ಅಷ್ಟೇ. ಆಂಬುಲೆನ್ಸು ಎಲ್ಲಿ ಎಂದು ತಮ್ಮ ಕಚೇರಿಗೆ ಹೋಗಿ ಕೇಳಬೇಕಾದವರು ನನ್ನನ್ನೇಕೆ ಕೇಳುತ್ತಾರೆ ಎಂದು ಗೊಣಗುತ್ತಿದ್ದೆ. ನೋಡಿ, ಆಗಲೇ ನನ್ನ ಬಾಯಿಗೆ ಸರ್ಕಾರದ ಭಾಷೆ ಬಂದುಬಿಟ್ಟಿತ್ತು.

ಈ ಬೇಸಿಗೆಯ ನಡುವೆ ನಾನು ಮೇಲಿನ ಹುಲ್ಲುಗಾವಲಿನಲ್ಲಿ, ಫೋನು ಸಿಗದ ಜಾಗದಲ್ಲಿ ಬೀಡುಬಿಟ್ಟಿದ್ದೆ. ಒಂದು ಮಧ್ಯಾಹ್ನ ಕುರಿಗಾಹಿ ಕಲ್ಮುರ್ಜಾ ಕುದುರೆಯೇರಿ ಬಂದ. ಅವನ ಗುಡಾರ ತೊರೆಯಾಚೆಯ ಇಳಿಜಾರಿನಲ್ಲಿತ್ತು. ಬಂದವರನ್ನು "ಏನು ಬಂದದ್ದು" ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ ಎಂದು ತಮಗೆ ಹೇಳಬೇಕಾಗಿಲ್ಲ. ಮೊದಲು ರೊಟ್ಟಿ, ಆಮೇಲೆ ಚಹಾ, ಆಮೇಲೆ ಕುರಿ ಕುದುರೆಗಳ ಕ್ಷೇಮ. ವಿಷಯವಿದ್ದರೆ ಅವರೇ ಬಾಯಿ ಬಿಡಬೇಕು.

"ಬಾರಪ್ಪ, ಒಳಗ್ ಬಾ. ರೊಟ್ಟಿ ಮುರಿ," ಎಂದೆ.

"ಇಲ್ಲಕ್ಕ, ಕೂರೋಕೆ ಬಂದಿಲ್ಲ..."

"ಅದೇನ್ ಬಾಗ್ಲಲ್ಲಿ ನಿಂತ್ಕೊಂಡು ಮಾತು? ನನ್ ಮನೆ ನೋಡೇ ಇಲ್ಲ ನೀನು. ಕೂತ್ಕೋ ಮೊದ್ಲು."

ಕೂತ. ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡ. ಸುಡುವ ಚಹಾವನ್ನು ಒಂದೇ ಉಸಿರಿಗೆ ಕುಡಿದ. ಕುದುರೆ ಓಡಿಸಿಕೊಂಡು ಬಂದ ದಣಿವು ಎಂದುಕೊಂಡೆ. ಸುತ್ತ ನೋಡಿದ. ಈರುಳ್ಳಿಯ ಕೊಕ್ಕೆಯನ್ನು ಬಹಳ ಹೊತ್ತು ನೋಡಿದ.

"ಚೆನ್ನಾಗ್ ಮಾಡ್ಕೊಂಡಿದೀರಕ್ಕ. ಇಲ್ಲಿ ಸ್ಟ್ರೆಚರ್ ಇತ್ತಲ್ವಾ?"

"ಇತ್ತು. ಈಗ ಹೊರಗೆ ಹಣ್ಣು ಹೊತ್ಕೊಂಡು ಮಲಗಿದೆ ನೋಡು."

"ಇಂಜಿನ್ನು... ಇನ್ನೂ ಓಡುತ್ತಾ?"

"ಓಡ್ದೆ ಏನು! ಆದ್ರೆ ಇದು ಜೇನು ಕಟ್ಟೋ ಹೊತ್ತು. ಈ ಹೂವು ಮುಗಿಯೋವರ್ಗೂ ಯಾರ್ ಬಂದ್ ಎಬ್ಬಿಸಿದ್ರೂ ನಾನು ಅಲ್ಲಾಡಲ್ಲಪ್ಪ," ಎಂದು ನಕ್ಕೆ.

ಅವನೂ ನಕ್ಕ. ಅಂಗೈಗಳನ್ನು ಮುಖಕ್ಕೆ ಸವರಿಕೊಂಡು, "ನಿಮ್ಮ ಒಲೆ ಆರದೆ ಇರ್ಲಿ ಅಕ್ಕ," ಎಂದು ಹರಸಿ ಎದ್ದ. ಅತಿಥಿ ಬಾಗಿಲಿನಿಂದ ಓಡಿ ಹೋಗಬಾರದಲ್ಲ, ಮೆಲ್ಲಗೆ ನಡೆದ. ಜೇನುಪೆಟ್ಟಿಗೆಗಳನ್ನು ದಾಟಿದ ಮೇಲೆ ಕುದುರೆಯನ್ನು ಬಾರಿಸಿ ಬಾರಿಸಿ ಓಡಿಸಿದ್ದನ್ನು ನೋಡಿದೆ. ಹುಡುಗು ವಯಸ್ಸು, ಕುದುರೆಗೂ ಕೊಬ್ಬು ಎಂದುಕೊಂಡು ಬಟ್ಟಲು ತೊಳೆದಿಟ್ಟೆ.

ಅವನ ಹೆಂಡತಿ ಸೊನುನ್‌ಗೆ ಬೆಳಿಗ್ಗೆಯಿಂದ ನೋವು ಬಂದಿತ್ತು. ದಿನ ತುಂಬಿರಲಿಲ್ಲ, ಮಗು ಅಡ್ಡ ತಿರುಗಿತ್ತು. ಅವನು ಅಷ್ಟು ದೂರ ಬಂದದ್ದು ನನ್ನ ಗಾಡಿಗಾಗಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎರಡು ಸಲ ಕೇಳಿದ. ಎರಡು ಸಲವೂ ನಾನು ಆ ದೀಪವನ್ನು ಊದಿ ಆರಿಸಿದೆ. ಯಾರದೋ ಟ್ರ್ಯಾಕ್ಟರು ಹುಡುಕಿ, ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಅವಳನ್ನು ಮಲಗಿಸಿ ಇಳಿಸುವಷ್ಟರಲ್ಲಿ ಸಂಜೆಯಾಯಿತು. ಸೇತುವೆಯ ಬಳಿ ತಮ್ಮ ಹೊಳೆಯುವ ಆಂಬುಲೆನ್ಸು ಸಿದ್ಧವಾಗಿ ನಿಂತಿತ್ತು, ಇಲ್ಲವೆಂದು ಹೇಳಲಾರೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣುಮಗು.

ಸುದ್ದಿ ತಿಳಿದು ಅವರ ಗುಡಾರಕ್ಕೆ ಹೋದೆ. ಸೊನುನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಲ್ಮುರ್ಜಾನ ತಾಯಿ ನನ್ನ ಮುಂದೆ ಬಟ್ಟಲಿಟ್ಟಳು.

"ಕುಡಿ. ನಿನ್ ಚಹಾದಷ್ಟು ಚೆನ್ನಾಗಿರಲ್ಲ. ನಿನ್ ಚಹಾ ತುಂಬಾ ರುಚಿಯಾಗಿತ್ತಂತೆ, ಮಗ ಹೇಳ್ದ."

ಕುಡಿದೆ. ಕುಡಿಯದೆ ಏಳುವಂತಿರಲಿಲ್ಲ. ಹೊರಗೆ ಬಂದು ಕಲ್ಮುರ್ಜಾನ ತೋಳು ಹಿಡಿದೆ. "ಯಾಕೋ ಹೇಳ್ಲಿಲ್ಲ? ಒಂದ್ ಮಾತು ಯಾಕೋ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ ಅಕ್ಕ? ದೂರದಿಂದ ಆಂಬುಲೆನ್ಸ್ ಅಂತ್ಲೇ ಬಂದೆ. ಹತ್ರ ಬಂದ್ರೆ ಮೇಲಿಂದ ಹೊಗೆ ಬರ್ತಿತ್ತು. ಹೊಗೆ ಏಳೋ ಮನೇಗ್ ಹೋಗಿ 'ಎದ್ದು ಹೊರಡಿ' ಅಂತ ಯಾರಾದ್ರೂ ಹೇಳ್ತಾರಾ?"

ಮಾನ್ಯರೇ, ನಾವು ಕಿರ್ಗಿಜರು ಹಿಂದಿನಿಂದಲೂ ಮನೆಗಳನ್ನು ಹೊಗೆಯಿಂದ ಎಣಿಸುವವರು. ಊರಿನಲ್ಲಿ ಎಷ್ಟು ಹೊಗೆ ಎಂದರೆ ಎಷ್ಟು ಸಂಸಾರ ಎಂದರ್ಥ. ನಾನು ಛಾವಣಿಗೆ ತೂತು ಕೊರೆದ ದಿನವೇ ಕಣಿವೆಯಲ್ಲಿ ಒಂದು ಮನೆ ಹೆಚ್ಚಿತು, ಒಂದು ಆಂಬುಲೆನ್ಸು ಕಡಿಮೆಯಾಯಿತು. ತಮ್ಮ ಗುಜರಿ ಪಟ್ಟಿ ಮಾಡದ ಕೆಲಸವನ್ನು ನನ್ನ ಒಲೆ ಮಾಡಿತು. ಇದಕ್ಕೆ ಯಾವ ಕಾನೂನಿನಲ್ಲಿ ಶಿಕ್ಷೆಯಿದೆ? ಮರ್ಯಾದಸ್ಥ ಗಂಡಸೊಬ್ಬ ಮರ್ಯಾದೆಯಿಂದ ಸುಮ್ಮನಿದ್ದ, ಮರ್ಯಾದಸ್ಥ ಹೆಂಗಸೊಬ್ಬಳು ಮರ್ಯಾದೆಯಿಂದ ಕೇಳದೆ ಉಳಿದಳು, ನಡುವೆ ಮಗುವೊಂದು ಹೋಯಿತು. ತಾವು ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳುವ ಆಸೆ ನನಗಿದೆ. ಆದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಗೊತ್ತಿರುವುದರಿಂದ ಬಾಯಿ ಕಟ್ಟುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತೆಮಿರ್ಕುಲ್‌ನನ್ನು ಕರೆಸಿ ಕಂಬಿಗಳನ್ನು ಮತ್ತೆ ಹಾಕಿಸಿದೆ. ಮಂಚಕ್ಕೆ ಸರಪಳಿ ಕಟ್ಟಿ ಗೋಡೆಗೆ ಮಡಚುವಂತೆ ಮಾಡಿದ. ಸ್ಟ್ರೆಚರನ್ನು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ಹಣ್ಣಿನ ಕಲೆ ಹೋಗಲಿಲ್ಲ. ನೀಲಿ ಬಣ್ಣವನ್ನು ಕೆರೆದು ಕೆಂಪನ್ನು ಮೇಲೆ ತಂದೆ. ಒಲೆಯನ್ನು ಮಾತ್ರ ಕೀಳಲಾಗಲಿಲ್ಲ, ಬೆಟ್ಟದ ಚಳಿಗೆ ಹೆದರಿದೆ. ಅಂದಿನಿಂದ ಕೈ ಅಡ್ಡ ಹಾಕಿದವರನ್ನೆಲ್ಲ ಸೇತುವೆಯವರೆಗೆ ಇಳಿಸಿ ತಮ್ಮ ಸುಂದರಾಂಗನಿಗೆ ಒಪ್ಪಿಸುತ್ತಿದ್ದೇನೆ. ನಾನು ನರ್ಸಲ್ಲ. ಯಾರದಾದರೂ ಉಸಿರು ದಾರಿಯಲ್ಲೇ ನಿಂತರೆ ಏನು ಮಾಡಬೇಕೆಂದು ನನಗೆ ತಿಳಿಯದು. ಪ್ರತಿ ತಿರುವಿನಲ್ಲೂ ಹೆದರುತ್ತೇನೆ.

ಹೀಗಿರುವಾಗ ತಮ್ಮ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಜೇನು ಮೂರು ಸಲ ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು, ಪೆನ್ನು ತೆಗೆದರು.

"ಇದು ಮನೆಯೋ, ಆಂಬುಲೆನ್ಸೋ?"

"ಎರಡೂ ಸ್ವಾಮಿ."

"ಎರಡೂ ಅಂದ್ರೆ ಹೆಂಗಮ್ಮ? ಬರೆಯೋಕೆ ಜಾಗ ಒಂದೇ ಇರೋದು. ಮನೆ ಅಂದ್ರೆ ರೋಗಿ ಇರಂಗಿಲ್ಲ, ಆಂಬುಲೆನ್ಸ್ ಅಂದ್ರೆ ಈರುಳ್ಳಿ ಇರಂಗಿಲ್ಲ."

"ಹಂಗಾದ್ರೆ ಈರುಳ್ಳಿ ನೀವ್ ತಗೊಂಡ್ ಹೋಗಿ, ರೋಗಿ ನನಗಿರ್ಲಿ," ಎಂದೆ. ಈರುಳ್ಳಿ ತೆಗೆದುಕೊಂಡು ಹೋದರು, ನೋಟಿಸೂ ಬಂತು. ಆ ಕೊಕ್ಕೆ ಈಗ ಖಾಲಿಯಿದೆ. ಅದಕ್ಕೆ ತೂಗುಹಾಕಬೇಕಾದ ಬಾಟಲಿಯನ್ನೂ, ಅದರ ಸೂಜಿ ಚುಚ್ಚಲು ಬಲ್ಲವರನ್ನೂ ಕಳಿಸುವುದು ತಮ್ಮ ಕೆಲಸ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಮುಂದಿನ ವಸಂತದಲ್ಲಿ ಕುರಿಮಂದೆಗಳು ಮೇಲೇರುವ ಮೊದಲು, ಬೆಟ್ಟ ಹತ್ತಬಲ್ಲ ಆಂಬುಲೆನ್ಸೊಂದು ಸೇತುವೆಯಿಂದ ಮೇಲ್ಗಡೆ, ಕಣಿವೆಯಲ್ಲೇ ನಿಲ್ಲಬೇಕು. ಅದರಲ್ಲಿ ಡ್ರೈವರೊಬ್ಬ, ಹೆರಿಗೆ ಮಾಡಿಸಬಲ್ಲ ನರ್ಸೊಬ್ಬಳು ಇರಬೇಕು. ಅಲ್ಲಿಯವರೆಗೆ ನನ್ನ ಗಾಡಿಯನ್ನು ಮುಟ್ಟಬೇಡಿ. ಇಲ್ಲ, ಅಷ್ಟು ಹಣವಿಲ್ಲ, ಮುಟ್ಟುಗೋಲೇ ಆಗಬೇಕು ಎನ್ನುವಿರಾದರೆ ಇದನ್ನೇ ತೆಗೆದುಕೊಳ್ಳಿ. ತಮ್ಮ ಕಚೇರಿಯ ಹಿತ್ತಲಿಗೆ ಮಾತ್ರ ಒಯ್ಯಬೇಡಿ, ನರ್ಸನ್ನು ಕೂರಿಸಿ ಇಲ್ಲೇ ನಿಲ್ಲಿಸಿ. ಚಳಿಗಾಲಕ್ಕೆ ನಾನೆಲ್ಲಿರುತ್ತೇನೆಂದು ತಾವು ಕೇಳುವುದಿಲ್ಲವೆಂದು ಗೊತ್ತು. ಆದರೂ ಹೇಳುತ್ತೇನೆ, ನನಗಿನ್ನೂ ಗೊತ್ತಿಲ್ಲ. ಕೀಲಿಕೈ ಕೊಡುವ ಮೊದಲು ಒಂದು ಕೆಲಸ ಮಾಡಿಕೊಡುತ್ತೇನೆ. ಒಲೆಯನ್ನು ನಾನೇ ಕಿತ್ತು, ಛಾವಣಿಯ ತೂತಿಗೆ ತಗಡು ಬಡಿದು ಕೊಡುತ್ತೇನೆ. ಹೊಗೆ ಕಾಣದಿದ್ದರೆ ಮುಂದಿನ ಕಲ್ಮುರ್ಜಾ ದೂರದಿಂದಲೇ ಕೂಗುತ್ತಾ ಬಂದಾನು.

ಇಂತಿ,
ಬಾಗಿಲಿಗೆ ಬಂದವರ ಮುಂದೆ ರೊಟ್ಟಿಯಿಡುವ ಮೊದಲೇ "ಯಾರಿಗೆ ಏನಾಗಿದೆ?" ಎಂದು ಕೇಳುವಷ್ಟು ಈಗ ಮರ್ಯಾದೆಗೆಟ್ಟಿರುವ,
ಜೇನಿನ ಉಲ್ಕಾನ್