ದ್ವೀಪದಲ್ಲಿ ಬಿಟ್ಟುಬಂದ ಅಮ್ಮ

ಧರ್ಮಪುರ
೨೧-೧-೨೦೨೫

ನನ್ನ ಯಜಮಾನರಿಗೆ ಯಶೋದಾಳ ನಮಸ್ಕಾರ.

ಹೇಗಿದೀರಿ? ಗದ್ದೆ ಬಯಲಲ್ಲಿ ಕುರಿ ಮಂದೆ ಒಂದ್ಕಡೆ ತರುಬಿಕೊಂಡು ಮಲಗ್ತೀರಲ್ಲ, ಆ ಥಂಡಿಗೆ ಕೆಮ್ಮು ಜಾಸ್ತಿ ಆಗಿಲ್ಲ ತಾನೆ? ಕಂಬಳಿ ಸರಿಯಾಗಿ ಹೊದ್ಕಳ್ರಿ. ಇಲ್ಲಿ ಅತ್ತೆ, ಮಗಳು ಮೌನಿಕಾ ಚೆನ್ನಾಗವ್ರೆ. ನಾನು ಮಾತ್ರ ಕುದೀತಿದೀನಿ. ಫೋನಲ್ಲಿ ನಿಮ್ಮ ಅಣ್ಣನ ಸುದ್ದಿ ಎತ್ತಿದ್ರೆ ‘ಆಮೇಲೆ ಮಾತಾಡಾಣ’ ಅಂತ ಕಟ್ ಮಾಡ್ತೀರಿ. ಅದಕ್ಕೇ ಈ ಕಾಗದ. ಚಿಕ್ಕತಿಮ್ಮಪ್ಪ ನಾಳೆ ನಿಮ್ಮ ಮಂದೆ ಹತ್ರ ಹೊರಟವ್ನೆ, ಅವನ ಕೈಲಿ ಕಳಿಸ್ತೀನಿ.

ನಿಮ್ಮಣ್ಣ ರಂಗೇಶ್ ಭಾವ ಊರಿನವರನ್ನ ಮುಂಬೈ ಟೂರ್ ಕರ್ಕೊಂಡು ಹೋದ್ರಲ್ಲ, ಕೊನೇ ದಿನ ದೋಣೀಲಿ ಘಾರಾಪುರಿ ದ್ವೀಪದ ಗವಿಗಳಿಗೆ ಹೋದ್ವಿ. ಅತ್ತೆ ಸಮುದ್ರ ಕಂಡಿದ್ದೇ ಅವತ್ತು. ದೋಣಿ ಅಲ್ಲಾಡಿದಾಗೆಲ್ಲ ನನ್ನ ಮೊಣಕೈ ಹಿಡ್ಕೊಂಡು ನಗೋರು. ಬೆಟ್ಟಾನೇ ಕೊರೆದು ಮಾಡಿದ ಗವಿ ರೀ! ಒಳಗೆ ಮೂರು ಮುಖದ ಶಿವ, ನಮ್ಮ ಮನೆಗಿಂತ ಎತ್ತರ. ಅತ್ತೆ ಕೈ ಮುಗಿದು ಕಣ್ಣು ಮುಚ್ಚಿ ನಿಂತುಬಿಟ್ರು. ಭಾವಂಗೆ ಆಗ್ಲೂ ಅವಸರ. ‘ನೀನು ಮುಂದೆ ನಡಿ, ಅಮ್ಮನ್ನ ನಾನು ಕರ್ಕೊಂಡು ಬರ್ತೀನಿ’ ಅಂತ ನನ್ನನ್ನ ಕಳಿಸಿದ್ದೂ ಅವರೇ.

ದೋಣಿ ಬಿಟ್ಟಮೇಲೆ ನೋಡ್ತೀನಿ, ಭಾವ ಅವ್ರೆ, ಅತ್ತೆ ಇಲ್ಲ! ಕೇಳಿದ್ರೆ, ‘ಕೂಗಿದೆ, ಬರ್ಲಿಲ್ಲ. ಮುಂದಿನ ದೋಣೀಲಿ ಬರ್ತಾಳೆ ಬಿಡು. ಒಬ್ಬಳಿಗೋಸ್ಕರ ಎಲ್ಲರಿಗೂ ರೈಲು ತಪ್ಪಬೇಕಾ?’ ಅಂದ್ರು. ಹೆತ್ತ ತಾಯಿ ರೀ! ಅದೇ ಕೊನೇ ದೋಣಿ ಅಂತ ಅವರಿಗೂ ಗೊತ್ತಿತ್ತು. ನಮ್ಮೂರಿನವರೆಲ್ಲ ರೈಲಿನ ಹೊತ್ತು ನೋಡ್ಕೊಂಡು ಕೂತಿದ್ರು. ನಾನು ದೋಣಿಯವನ ಅಂಗಿ ಹಿಡಿದು, ದಡ ತೋರಿಸಿ, ‘ಅಮ್ಮ! ಅಮ್ಮ!’ ಅಂತ ಕಿರುಚಿದೆ. ಅವನಿಗೆ ಕನ್ನಡ ಬರಲ್ಲ, ಆದ್ರೂ ದೋಣಿ ತಿರುಗಿಸಿದ.

ಅತ್ತೆ ಕಟ್ಟೆ ತುದೀಲಿ ಒಬ್ಬರೇ ನಿಂತಿದ್ರು. ಭಾವ ಕೈ ಚಾಚಿದ್ರೆ ಹಿಡೀಲಿಲ್ಲ, ದೋಣಿಯವನ ಕೈ ಹಿಡಿದು ಹತ್ತಿದ್ರು. ‘ಲೇ ರಂಗ, ಒಂದು ಮರಿ ಹಿಂದೆ ಉಳಿದ್ರೂ ನಿಮ್ಮಪ್ಪ ಮಂದೇನೇ ನಿಲ್ಲಿಸ್ತಿದ್ದ’ ಅಂದ್ರು. ರೈಲೂ ತಪ್ಪಲಿಲ್ಲ. ಸ್ಟೇಷನ್ನಲ್ಲಿ ಟೀ ಕುಡಿಯೋಷ್ಟು ಹೊತ್ತಿತ್ತು.

ಕುರಿ ಜೋಪಾನ, ಅದಕ್ಕಿಂತ ನೀವು ಜೋಪಾನ. ಅತ್ತೆ, ‘ಅವನ ತಲೆ ಸವರಿದೆ ಅಂತ ಬರಿ’ ಅಂದವ್ರೆ.

ಇನ್ನೂ ಸಿಟ್ಟಿಳಿಯದ
ಯಶೋದಾ

ತಾ.ಕ.: ‘ಅಮ್ಮಂಗೆ ಅರಳುಮರಳು, ಎಲ್ಲೋ ಅಲೆದುಬಿಟ್ಟಿದ್ಳು’ ಅಂತ ಭಾವ ಊರೆಲ್ಲ ಹೇಳ್ಕೊಂಡು ತಿರುಗ್ತಾವ್ರೆ. ಚಿತ್ರದುರ್ಗದ ಕಡೆ ಯಾವುದೋ ವೃದ್ಧಾಶ್ರಮ ನೋಡವ್ರಂತೆ. ನಿಮ್ಮ ಒಪ್ಪಿಗೆ ಕೇಳೋಕೆ ಈ ವಾರದಲ್ಲೇ ಅಲ್ಲಿಗೆ ಬರ್ತಾರೆ. ಅತ್ತೆ ಬುದ್ಧಿ ನೆಟ್ಟಗೈತೆ. ನೀವು ಹೂಂ ಅಂದ್ರೆ ಈ ಮನೆಯಿಂದ ಒಬ್ಬರಲ್ಲ, ಇಬ್ಬರು ಹೋಗ್ತೀವಿ ಅಂತ ತಿಳ್ಕಳ್ರಿ.