ಬ್ಯಾಂಡ್ ಮೊಹಲ್ಲಾಕ್ಕೆ ನಾಲ್ಕನೆಯವಳು

ಗಂಗಾವತಿ
೧೪ ಅಕ್ಟೋಬರ್ ೨೦೨೫, ಮಂಗಳವಾರ

ನನ್ನ ಮುದ್ದು ಅನೀಸಾ,

ಅಮ್ಮಿಯ ಸಲಾಂ, ದಾದಿಮಾಳ ದುವಾ. ನಾವೆಲ್ಲ ಆರಾಮ. ನಿನ್ನ ಕಾಗದ ಬಂದು ಹತ್ತು ದಿನವಾದರೂ ಉತ್ತರ ಬರೆಯಲಿಲ್ಲ, ಮಾಫ್ ಮಾಡು. ಮನೆಯಲ್ಲಿ ಆಡುವ ಮಾತು ಬೇರೆ, ನನಗೆ ಬರೆಯಲು ಬರುವುದು ತವರೂರು ಮರಳಿಯ ಶಾಲೆಯಲ್ಲಿ ಕಲಿತ ಕನ್ನಡವೊಂದೇ. ಒಂದೊಂದು ಸಾಲಿಗೂ ಹೊತ್ತು ಹಿಡಿಯುತ್ತದೆ.

ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ದಾದಿಮಾ ಎತ್ತಿ, "ನಿಮ್ಮಮ್ಮಿ ಗಿಟಾರ್ ಅಂಗಡಿಗೆ ಹೋಗ್ಯಾಳ" ಎಂದಳಂತೆ. ಮುದುಕಿಗೆ ಅರಳುಮರಳು ಎಂದು ನೀನು ಗಾಬರಿಯಾಗಿರಬೇಕು. ಇಲ್ಲ ಬೇಟಾ, ಅವಳು ಹೇಳಿದ್ದು ನಿಜ. ನಾನು ಗಿಟಾರ್ ಅಂಗಡಿಗೇ ಹೋಗಿದ್ದೆ. ಹೋಗುವ ಗಡಿಬಿಡಿಯಲ್ಲಿ ಫೋನನ್ನು ಅಡುಗೆಮನೆಯಲ್ಲೇ ಬಿಟ್ಟಿದ್ದೆ. ನಿಮ್ಮ ಪೊಲೀಸ್ ತರಬೇತಿಯವರು ವಾರಕ್ಕೆ ಕೊಡುವುದು ಹತ್ತು ನಿಮಿಷ. ಅಷ್ಟರಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲ. ಕೂತು ಓದು.

ಮೊದಲು ದೊಡ್ಡ ಸುದ್ದಿ. ನೀನೂ ದೀಪಿಕಾಳೂ ಎರಡು ವರ್ಷದಿಂದ ಕಾಯುತ್ತಿದ್ದ ಆ ಟಿವಿ ಗೇಮು, 'ಬ್ಯಾಂಡ್ ಮೊಹಲ್ಲಾ', ಅದರ ತಾರೀಖು ಗೊತ್ತಾಯಿತು! ಡಿಸೆಂಬರ್ ಹದಿನಾಲ್ಕು, ಭಾನುವಾರ. ನಿನ್ನ ತರಬೇತಿ ಮುಗಿಯುವ ಪರೇಡ್ ಆರನೇ ತಾರೀಖು. ನೀನು ಮನೆಗೆ ಬಂದ ಎಂಟನೇ ದಿನಕ್ಕೆ ಆಟ ಬರುತ್ತದೆ. ಕ್ಯಾಲೆಂಡರಿನಲ್ಲಿ ಎರಡಕ್ಕೂ ಕೆಂಪು ಗುರುತು ಹಾಕಿದ್ದೇನೆ. ದಾದಿಮಾ ಅದನ್ನು ನೋಡಿ, "ಒಂದು ಅನೀಸಾ ಬರೋ ಹಬ್ಬ, ಇನ್ನೊಂದು ಯಾವ್ದಬೇ?" ಎಂದು ಕೇಳಿದಳು.

ದಸರಾ ಮುಗಿದ ಮರುದಿನ ದೀಪಿಕಾ ಓಡುತ್ತ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಗೆ ನುಗ್ಗಿದಳು. "ಚಾಚಿ, ಡಬ್ಬಿ ಬಂತ್ರೀ!" ಎಂದಳು. ಆಟ ಪೇಟೆಗೆ ಬರುವ ಮೊದಲು ಪರೀಕ್ಷೆ ಮಾಡಿ ನೋಡಲು ಕಂಪನಿಯವರು ಕೆಲವು ಅಂಗಡಿಗಳನ್ನು ಆರಿಸಿದ್ದಾರೆ. ನಮ್ಮ ಕಡೆ ಕೊಪ್ಪಳದಲ್ಲೊಂದು, ಕುಷ್ಟಗಿಯಲ್ಲೊಂದು, ಯಲಬುರ್ಗಾದಲ್ಲೊಂದು, ಇಲ್ಲಿ ದೀಪಿಕಾಳದು. ಅವಳ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನೀವು ಗೇಮ್ ಆಡುತ್ತಿದ್ದಿರಲ್ಲ, ಅಲ್ಲಿಗೇ ಆಟದ ವಾದ್ಯಗಳು ಬಂದಿವೆ. ಎರಡು ಗಿಟಾರು, ಒಂದು ಡ್ರಮ್ಮು, ಒಂದು ಮೈಕು. ನಾಲ್ಕೂ ಊರಿನವರು ಹನ್ನೆರಡನೇ ತಾರೀಖು ಒಂದೇ ಹೊತ್ತಿಗೆ ಅವರವರ ಅಂಗಡಿಯಲ್ಲಿ ಕೂತು ಪಂದ್ಯ ಆಡಿ ನೋಡಬೇಕಂತೆ.

"ನಾ ಒಂದ್ ಗಿಟಾರ್ ಹಿಡೀತೀನ್ರಿ. ಅನೀಸಾ ಬರೋಮಟ ನಮ್ಮ ಯಜಮಾನ್ರು ಇನ್ನೊಂದು ಹಿಡೀತಾರ. ಡ್ರಮ್ಮಿಗೆ, ಮೈಕಿಗೆ ಯಾರೂ ಇಲ್ಲ. ಚಾಚಾರನ್ನ ಕಳಸ್ರಿ" ಎಂದಳು.

ನಾನು ನಕ್ಕುಬಿಟ್ಟೆ. ಇಪ್ಪತ್ತೆಂಟು ವರ್ಷ ರೈಸ್‌ಮಿಲ್ಲಿನ ಮಷೀನು ನಡೆಸಿದ ಮನುಷ್ಯ, ಮದುವೆ ಮೆರವಣಿಗೆಯಲ್ಲೂ ಚಪ್ಪಾಳೆ ತಟ್ಟದವರು. ಅವರು ಡ್ರಮ್ಮು ಬಾರಿಸುವುದೇ? ಆದರೆ ನಿನ್ನ ಅಬ್ಬಾ ಟೀ ಲೋಟ ಕೆಳಗಿಟ್ಟು, "ಆಟ ಅನೀಸಾಂದೇನು?" ಎಂದು ಕೇಳಿದರು. ಹೌದೆಂದಳು. ಎದ್ದು ಅಂಗಿ ಹಾಕಿಕೊಂಡರು. ಹೊಸ ಭತ್ತ ಬರುವತನಕ ಮಿಲ್ಲಿನಲ್ಲಿ ಕೆಲಸವೂ ಕಡಿಮೆ.

ಮೊದಲ ದಿನ ನೋಡಬೇಕಿತ್ತು ನೀನು! ಟಿವಿಯ ಪರದೆಯ ಮೇಲಿಂದ ಕೆಂಪು, ಹಳದಿ, ನೀಲಿ, ಹಸಿರು ಬಿಲ್ಲೆಗಳು ಜಾರಿ ಬರುತ್ತವೆ. ಯಾವ ಬಣ್ಣ ಕೆಳಗಿನ ಗೆರೆಗೆ ಮುಟ್ಟುತ್ತದೋ ಆ ಬಣ್ಣದ ಡ್ರಮ್ಮಿಗೆ ಅದೇ ಕ್ಷಣಕ್ಕೆ ಹೊಡೆಯಬೇಕು. ಅಬ್ಬಾ ಒಂದೊಂದೇ ಬಿಲ್ಲೆಯನ್ನು ನೋಡಿ, ಯೋಚಿಸಿ, ಗೋಡೆಗೆ ಮೊಳೆ ಹೊಡೆದ ಹಾಗೆ ಹೊಡೆಯುತ್ತಿದ್ದರು. ಅಷ್ಟರಲ್ಲಿ ಅದು ದಾಟಿ ಹೋಗಿರುತ್ತಿತ್ತು. ನೂರಕ್ಕೆ ಹನ್ನೊಂದು ಬಂತು. ದೀಪಿಕಾಳ ಗಂಡ ಯಂಕೇಶ ನಗು ತಡೆಯಲಾರದೆ ಹೊರಗೆ ಹೋಗಿ, ಯಾರೂ ಕೇಳದ ಝೆರಾಕ್ಸ್ ತೆಗೆಯುತ್ತ ನಿಂತ.

ಮೂರನೇ ದಿನ ಅಬ್ಬಾ ಟಿವಿಗೆ ಓರೆಯಾಗಿ ಕೂತರು. "ಚಾಚಾ, ಈ ಕಡೆ ನೋಡ್ರಿ" ಎಂದಳು ದೀಪಿಕಾ.

"ಬ್ಯಾಡವ್ವ. ಮಿಲ್ಲಿನ್ಯಾಗ ಬೆಲ್ಟ್ ಜಾರೋದು ನಾ ಕಣ್ಣಿಲೆ ನೋಡೂದಿಲ್ಲ, ಕಿವಿಲೆ ಕೇಳ್ತೀನಿ. ಬಣ್ಣ ಯಾವ್ಯಾವು ಬರ್ತಾವ ಅಂತ ಒಮ್ಮೆ ಹೇಳು, ಸಾಕು" ಎಂದರು.

ಆಮೇಲೆ ಶುರುವಾಯಿತು ನೋಡು. ಐವತ್ತು, ಎಪ್ಪತ್ತು, ಎಂಬತ್ತಾರು! ಮನೆಯಲ್ಲಿಯೂ ಬಿಡಲಿಲ್ಲ. ನನ್ನ ಎರಡು ಬೋಗುಣಿ, ಒಂದು ಪರಾತ, ದಾದಿಮಾಳ ಎಲೆಅಡಿಕೆ ಡಬ್ಬಿ, ಎಲ್ಲ ಕವುಚಿಟ್ಟು ಲಟ್ಟಣಿಗೆಯಿಂದ ಬಾರಿಸಿದ್ದೇ ಬಾರಿಸಿದ್ದು. ದಾದಿಮಾ ಎರಡು ದಿನ ಬಯ್ದಳು. ಮೂರನೇ ದಿನ ಡಬ್ಬಿ ಕೊಡುತ್ತ, "ನಿನ್ನೆ ಬಾರಿಸಿದ್ದು ಛಲೋ ಇತ್ತು, ಅದನ್ನ ಬಾರಿಸು" ಎಂದಳು. ನಿನ್ನ ಬೆಕ್ಕು ಮಾತ್ರ ಇನ್ನೂ ಅಟ್ಟದಿಂದ ಇಳಿದಿಲ್ಲ.

ಇನ್ನು ಮೈಕಿನ ವಿಷಯ. ಹಾಡಲು ಒಪ್ಪಿದ್ದ ಹುಡುಗಿ ಪಂಪಾವತಿ ಭಾನುವಾರ ಬೆಳಿಗ್ಗೆ ಗಂಟಲು ಕಟ್ಟಿದೆಯೆಂದು ಬರಲಿಲ್ಲ. ನಾನು ಅಬ್ಬಾನ ಆಟ ನೋಡಲೆಂದು ಹೋಗಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದೆ. ಹನ್ನೊಂದು ಗಂಟೆಗೆ ನಾಲ್ಕೂ ಊರು ಪರದೆಯ ಮೇಲೆ ಬಂದವು. ಪ್ರತಿ ತಂಡಕ್ಕೂ ಹೆಸರು ಬೇಕಿತ್ತು. ಕುಷ್ಟಗಿಯ ಹುಡುಗಿಯರು ಏನೋ ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದರು. ಅಬ್ಬಾ ಕೋಲು ಎತ್ತಿ, "ಸೋನಾ ಮಸೂರಿ ಅಂತ ಬರಿ" ಎಂದರು. ನಾವೀಗ ಸೋನಾ ಮಸೂರಿ ತಂಡ.

ಮೈಕು ಖಾಲಿ ಇದ್ದರೆ ಆಟ ಶುರುವಾಗುವುದಿಲ್ಲವಂತೆ. ಗಡಿಯಾರ ಅರವತ್ತು, ಐವತ್ತೊಂಬತ್ತು ಎಂದು ಇಳಿಯತೊಡಗಿತು. ದೀಪಿಕಾ ಅತ್ತಿತ್ತ ನೋಡಿದವಳು ಮೈಕನ್ನು ತಂದು ನನ್ನ ಕೈಗೆ ತುರುಕಿದಳು. "ಚಾಚಿ, ಸುಮ್ನ ಹಿಡಕೊಂಡು ಕುಂದರ್ರಿ, ಬಾಯಿ ಆಡಿಸಿದ್ರ ಸಾಕು" ಎಂದಳು.

ಅನೀಸಾ, ನೀನು ನನ್ನ ಹಾಡು ಕೇಳಿಲ್ಲ. ತೊಟ್ಟಿಲು ತೂಗುವಾಗಲೂ ನಾನು ಹಾಡಿದವಳಲ್ಲ. ಡಬ್ಬಿಯಲ್ಲಿ ಬಂದ ಮೂರು ಹಾಡುಗಳಲ್ಲಿ ಅವತ್ತು ಆಡಬೇಕಾದದ್ದು ಕನ್ನಡದ್ದು, ಆ ಆಟಕ್ಕೆಂದೇ ಕಟ್ಟಿದ್ದು, ಹೊಳೆಯ ಮೇಲೆ ಹರಿಗೋಲು ದಾಟಿಸುವವಳ ಹಾಡು. ವಾರವಿಡೀ ಅಬ್ಬಾ ಅದಕ್ಕೇ ಬೋಗುಣಿ ಬಾರಿಸಿದ್ದರಿಂದ ನನಗೆ ಬಾಯಿಪಾಠವಾಗಿತ್ತು. ಪರದೆಯ ಮೇಲೆ ಒಂದು ಗೆರೆ ಏರುತ್ತದೆ, ಇಳಿಯುತ್ತದೆ. ನಮ್ಮ ದನಿ ಒಂದು ಚುಕ್ಕೆ. ದನಿ ಸರಿಯಾಗಿದ್ದರೆ ಚುಕ್ಕೆ ಗೆರೆಯ ಮೇಲೇ ನಡೆದು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಾಲಿಗೆ ನಾನು ಬಾಯಿ ಆಡಿಸಿದೆ ಅಷ್ಟೇ. ಚುಕ್ಕೆ ಕೆಳಗೆ ಬಿದ್ದಿತ್ತು. ಎರಡನೇ ಸಾಲಿಗೆ ಸ್ವಲ್ಪ ದನಿ ಬಿಟ್ಟೆ. ಅದು ಅಲುಗಿತು. ಮೂರನೆಯದಕ್ಕೆ ಏನಾಯಿತೋ ಗೊತ್ತಿಲ್ಲ, ಕಣ್ಣು ಮುಚ್ಚಿ ಹಾಡಿಬಿಟ್ಟೆ. ಎದೆಯೊಳಗಿಂದ ಯಾರೋ ಬಾಗಿಲು ತಳ್ಳಿಕೊಂಡು ಹೊರಗೆ ಬಂದ ಹಾಗಾಯಿತು. ಕಣ್ಣು ತೆರೆದಾಗ ಗೆರೆಯೆಲ್ಲ ಬಂಗಾರ.

ಟಿವಿಯೊಳಗಿಂದ ಕುಷ್ಟಗಿಯ ಹುಡುಗಿಯ ದನಿ ಕೇಳಿತು. "ಏ ಸೋನಾ ಮಸೂರಿ! ಗಂಗಾವತ್ಯಾಗ ಹಾಡಾಕತ್ತಾರಲ್ಲ, ಯಾರ್ರಿ ಅವ್ರು?"

ದೀಪಿಕಾ ಗಿಟಾರು ಬಿಡದೆ ಕೂಗಿದಳು. "ನಮ್ಮ ಅನೀಸಾನ ಅಮ್ಮಿರೀ!"

ಆದರೆ ನಾವು ಗೆಲ್ಲಲಿಲ್ಲ. ಗೆದ್ದದ್ದು ಕೊಪ್ಪಳದವರು. ನಾವು ಎರಡನೆಯವರು. ಯಾಕೆ ಗೊತ್ತೇ? ನಿನ್ನ ಅಬ್ಬಾ ಅರ್ಧ ಹಾಡಿಗೆ ಡ್ರಮ್ಮು ನಿಲ್ಲಿಸಿಬಿಟ್ಟಿದ್ದರು! ಕೋಲು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದರು. ಬಿಲ್ಲೆಗಳು ಸಾಲುಸಾಲಾಗಿ ಜಾರಿ ಹೋದವು. "ಚಾಚಾ, ಬಾರಿಸ್ರಿ, ಬಾರಿಸ್ರಿ" ಎಂದು ಯಂಕೇಶ ಬಡಿದುಕೊಂಡ. ಅಬ್ಬಾ, "ತಡೀಪಾ, ಕೇಳಾಕತ್ತೀನಿ" ಎಂದರು. ಸೋತ ತಂಡ ಅಷ್ಟು ನಕ್ಕದ್ದನ್ನು ನಾನೆಲ್ಲೂ ಕಂಡಿಲ್ಲ. ಬರುತ್ತ ದಾರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು, ಮನೆಯಲ್ಲಿ ದಾದಿಮಾಳಿಗೆ ಎಲ್ಲ ಹೇಳುತ್ತ ತಿಂದೆವು. ಅವಳು, "ನನ್ನನ್ನ ಯಾಕ ಕರಕೊಂಡು ಹೋಗಲಿಲ್ಲ?" ಎಂದು ಸಿಟ್ಟಾದಳು. ಡಿಸೆಂಬರಿಗೆ ಅವಳಿಗೊಂದು ಕುರ್ಚಿ ಹಾಕಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಆಟ ಬಿಡುಗಡೆಯಾಗುವ ದಿನ ಎಲ್ಲ ಊರುಗಳಿಗೂ ದೊಡ್ಡ ಪಂದ್ಯವಿದೆ. ತಂಡದಲ್ಲಿ ನಾಲ್ಕೇ ಜನ. ಯಂಕೇಶ ಅವತ್ತು ಅಂಗಡಿಯ ಮುಂದಿನ ಗದ್ದಲ ನೋಡಿಕೊಳ್ಳಬೇಕು, ಅವನು ಆಡುವುದಿಲ್ಲ. ದೀಪಿಕಾ ತನ್ನ ಹೆಸರು ಬರೆದಿದ್ದಾಳೆ, ಡ್ರಮ್ಮಿಗೆ ರಾಜಾಸಾಬ ಎಂದು ಅಬ್ಬಾನ ಹೆಸರು ಬರೆದಿದ್ದಾಳೆ. ಉಳಿದವರು ನಾನು, ನೀನು. ಉಳಿದದ್ದು ಒಂದು ಗಿಟಾರು, ಒಂದು ಮೈಕು. ನಾನು, "ಮೈಕು ಅನೀಸಾಗ ಇರ್ಲಿ" ಎಂದೆ. ದೀಪಿಕಾ ಪೆನ್ನು ಕೆಳಗಿಟ್ಟಳು. ಆಮೇಲೆ, "ಇಲ್ಲ ಚಾಚಿ, ಆಕಿ ಮೊದ್ಲ ಹೇಳ್ಯಾಳ. ಮೈಕ್ ಒಂದು ಬಿಟ್ಟು ಏನರ ಕೊಡು ಅಂದಾಳ" ಎಂದಳು. ಆದ್ದರಿಂದ ಎರಡು ಜಾಗ ಖಾಲಿ ಬಿಡಿಸಿದ್ದೇನೆ. ಇದೇ ತಿಂಗಳ ಮೂವತ್ತಕ್ಕೆ ಹೆಸರು ಕಳಿಸಬೇಕು. ನಿನಗೆ ಬೇಕಾದದ್ದನ್ನು ನೀನು ಆರಿಸಿಕೊ. ಗಿಟಾರು ನನ್ನ ಪಾಲಿಗೆ ಬಂದರೂ ಹೆದರಿಕೆಯಿಲ್ಲ. ಅದರ ಐದು ಬಟನ್‌ಗಳಲ್ಲಿ ಮೂರಕ್ಕೆ ನನ್ನ ಬೆರಳು ಮುಟ್ಟುತ್ತದೆ. ಉಳಿದ ಎರಡಕ್ಕೆ ಇನ್ನೂ ಎರಡು ತಿಂಗಳು ಇವೆ.

ಹೊಟ್ಟೆತುಂಬ ಉಣ್ಣು. ಬೂಟು ಕಚ್ಚಿದ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚು. ಓಟದಲ್ಲಿ ಮೂರನೆಯವಳಾದೆನೆಂದು ಬರೆದಿದ್ದೆಯಲ್ಲ, ಆ ಸಾಲನ್ನು ಅಬ್ಬಾ ನನ್ನಿಂದ ಎರಡು ಸಲ ಓದಿಸಿಕೊಂಡರು. ಅಲ್ಲಾಹ ನಿನ್ನ ಹೆಜ್ಜೆಗೆ ಬಲ ಕೊಡಲಿ, ನಿನ್ನ ನಗು ಕಾಯಲಿ, ಖಾಕಿ ತೊಟ್ಟ ನಿನ್ನನ್ನು ಬೇಗ ನಮ್ಮ ಹೊಸ್ತಿಲಿಗೆ ಕರೆದು ತರಲಿ.

ನಿನ್ನ ದಾರಿ ಕಾಯುವ
ಅಮ್ಮಿ,
ಬಾನುಬೀ

ತಾ.ಕ.: ಇಷ್ಟು ಬರೆದು ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ.

ನೀನು ಮೈಕು ಯಾಕೆ ಮುಟ್ಟುವುದಿಲ್ಲ ಎಂಬುದು ದೀಪಿಕಾಳಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ನೀನು ಒಂಬತ್ತನೇ ತರಗತಿಯಲ್ಲಿದ್ದಾಗ ಪಾರ್ವತೆಮ್ಮ ಟೀಚರು ನಿನ್ನನ್ನು ಕೊಪ್ಪಳದ ಹಾಡಿನ ಸ್ಪರ್ಧೆಗೆ ಕಳಿಸಿರೆಂದು ಮನೆಗೆ ಬಂದಿದ್ದರು. ನಾನು ಬಾಗಿಲಲ್ಲೇ ನಿಂತು, "ಅವರಪ್ಪ ಒಪ್ಪೂದಿಲ್ರಿ" ಎಂದೆ. ನೀನು ಪರದೆಯ ಹಿಂದೆ ಕೇಳಿಸಿಕೊಂಡೆ. ಆವತ್ತಿನಿಂದ ನೀನು ಹಾಡಲಿಲ್ಲ, ಅಬ್ಬಾನ ಜೊತೆ ಅಗತ್ಯಕ್ಕಷ್ಟೇ ಮಾತು. ಒಂಬತ್ತು ವರ್ಷ.

ಅವರು ಒಪ್ಪಿದ್ದರು ಅನೀಸಾ. ಸ್ಪರ್ಧೆಯ ಸುದ್ದಿ ನೀನು ಮನೆಗೆ ತಂದ ದಿನವೇ, "ರಜಾ ಹಾಕಿ ನಾನ ಕರಕೊಂಡು ಹೋಗ್ತೀನಿ" ಎಂದಿದ್ದರು. ಬೇಡವೆಂದದ್ದು ನಾನು. ಎಂಟನೇ ತರಗತಿಯಲ್ಲಿ ನಾನೂ ಹಾಡಿ ಬಹುಮಾನ ತಂದಿದ್ದೆ. ಚಹಾದಂಗಡಿಯಲ್ಲಿ ಯಾರೋ ಏನೋ ಅಂದರೆಂದು ನಿನ್ನ ಅಸ್ಲಮ ಮಾಮು ಮರುದಿನದಿಂದ ನನ್ನ ಶಾಲೆಯನ್ನೇ ನಿಲ್ಲಿಸಿದ. ಹಾಡು ಬಿಡಿಸಿದರೆ ನಿನ್ನ ಶಾಲೆಯಾದರೂ ಉಳಿಯುತ್ತದೆ ಎಂದುಕೊಂಡೆ. ಬೇಡವೆನ್ನುವ ಧೈರ್ಯವಿತ್ತು, ಅದು ನನ್ನ ಮಾತೆಂದು ಹೇಳುವ ಧೈರ್ಯವಿರಲಿಲ್ಲ. ಅವರ ಹೆಸರು ಹೇಳಿದೆ.

ಅವರಿಗೆ ಎಲ್ಲ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಡಲಿಲ್ಲ. ನಿನಗೆ ಬರೆಯುತ್ತೇನೆ ಎಂದು ಇವತ್ತು ಹೇಳಿದರೆ, "ಬ್ಯಾಡ ಬಿಡು ಬಾನು. ಆಕಿ ಸಿಟ್ಟು ನನ್ ಮ್ಯಾಲ ಇದ್ರ ಇರ್ಲಿ, ನಿನ್ ಮ್ಯಾಲ ಬ್ಯಾಡ" ಎಂದರು.

ಸಿಟ್ಟು ನನ್ನ ಮೇಲಿರಲಿ ಬೇಟಾ. ಬರುವ ಭಾನುವಾರ ಹತ್ತು ನಿಮಿಷ ಸಿಗುತ್ತದಲ್ಲ, ನನಗೆ ಫೋನ್ ಮಾಡಬೇಡ. ಅಬ್ಬಾಗೆ ಮಾಡು.