ಮುನಿಸಿನಲ್ಲಿ ಕಾಯ್ದಿಟ್ಟ ನಾಲ್ಕು ಪದ

ಕೀಲಿಮನೆ, ಗುಳೇದಗುಡ್ಡ
೨೩೧೮, ಯಾವ ತಿಂಗಳಿಗೂ ಸೇರದ ದಿನ

ಶ್ರೀಮತಿ ದಾಕ್ಷಾಯಣಿ ಹುಂಡೇಕಾರ ಅವರಿಗೆ, ಶಿವಗಂಗಾಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಹಾಗೆ ಹಂಚಿದ ಮೇಲೆ ಕೊನೆಗೆ ಒಂದು ದಿನ ಉಳಿದುಬಿಡುತ್ತದೆ. ಅದನ್ನು ಯಾವ ತಿಂಗಳಿಗೆ ಕೊಡಬೇಕೆಂದು ದೊಡ್ಡವರು ಹತ್ತು ವರ್ಷ ಜಗಳವಾಡಿ, ಕೊನೆಗೆ ಯಾವುದಕ್ಕೂ ಕೊಡದೆ ಬಿಟ್ಟರು. ಈ ದಿನ ಕಚೇರಿ ಇಲ್ಲ, ಮಗ್ಗವೂ ಇಲ್ಲ. ಜನ ಕಾಗದ ಬರೆಯುತ್ತಾರೆ, ಈ ದಿನ ಬರೆದದ್ದು ಹಿಂದಿನ ಕಾಲದವರಿಗೂ ತಲುಪುತ್ತದೆಂದು ನಂಬಿಕೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ಅಲ್ಲಲ್ಲಿ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು.

ನೀವು ಈಗಷ್ಟೇ ನಿಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಿ ಕೂಡಿಡಲು ಆರಂಭಿಸಿದ್ದೀರಿ. ಬಣ್ಣಬಣ್ಣದ ಗುಂಡಿಗಳಿರುವಾಗ ಈ ಕಷ್ಟವೇಕೆ ಎಂದು ಯಾರಾದರೂ ನಿಮ್ಮನ್ನು ನೋಡಿ ನಕ್ಕಿರಬಹುದು. ಆ ಬಣ್ಣದವೆಲ್ಲ ಹೇಳಹೆಸರಿಲ್ಲದಂತೆ ಹೋದವು, ಕಪ್ಪು ಪರದೆ ಮಾತ್ರ ಉಳಿಯಿತು. ನಾವು ಅದನ್ನು ಕರಿಪರದೆ ಎನ್ನುತ್ತೇವೆ. ಪಾಸ್‌ವರ್ಡ್‌ಗಳ ಸಂಗ್ರಹಕ್ಕೆ ಗುಟ್ಟುಗೂಡು ಎಂದು ಹೆಸರು. ಗೂಡಿನೊಳಗೆ ಒಂದೊಂದು ಗುಟ್ಟಿಗೂ ಒಂದೊಂದು ಚೀಟಿ. ಚೀಟಿಯ ಮೇಲಿನ ಹೆಸರನ್ನು ಯಾರು ಬೇಕಾದರೂ ಓದಬಹುದು, ಒಳಗಿರುವುದಕ್ಕೆ ಮಾತ್ರ ಬೀಗ. ‘ಹುಟ್ಟಿಸು’ ಎಂದು ಟೈಪಿಸಿದರೆ ಅದು ತಾನೇ ಒಂದು ಗಟ್ಟಿ ಗುಟ್ಟನ್ನು ಕಟ್ಟಿಕೊಡುತ್ತದೆ, ‘ತೋರಿಸು’ ಎಂದರೆ ತಾಯಿಮಾತು ಕೇಳುತ್ತದೆ. ಗೂಡಿನ ಚೀಟಿಗಳೆಲ್ಲ ತೆರೆಯುವುದು ಆ ಒಂದೇ ಮಾತಿಗೆ. ಅದನ್ನು ಟೈಪಿಸುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಮೊದಲ ದಿನ ನಾನು ಕೀಲಿಮಣೆ ಕೆಟ್ಟಿದೆಯೆಂದು ತಿಳಿದು ಅದನ್ನು ಬೋರಲು ಹಾಕಿ ಕೊಡವಿದ್ದೆ. ನೀವೂ ಹಾಗೆ ಮಾಡಿರುತ್ತೀರಿ. ಗೂಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರೆಂಬುದು ಸಾಲುಸಾಲಾಗಿ ದಾಖಲಾಗುತ್ತದೆ. ನಾನು ಕೆಲಸ ಮಾಡುವ ಕೀಲಿಮನೆಯಲ್ಲಿ ಊರಿನವರ ಗೂಡುಗಳೆಲ್ಲ ಇವೆ, ಅವುಗಳಲ್ಲಿ ಎಲ್ಲಕ್ಕಿಂತ ಹಳೆಯ ಸಾಲು ನಿಮ್ಮದು.

ನಿಮಗೆ ಗೊತ್ತಿಲ್ಲದ ಒಂದು ಪದ್ಧತಿ ನಮ್ಮಲ್ಲಿದೆ, ಅದಕ್ಕೆ ಮುನಿಸುಪಾಲು ಎನ್ನುತ್ತೇವೆ. ತಾಯಿಮಾತಿನಲ್ಲಿ ಹನ್ನೆರಡು ಪದ. ಮರೆತರೆ ಗತಿಯಿಲ್ಲವಾದ್ದರಿಂದ ನಾಲ್ಕು ನಾಲ್ಕಾಗಿ ಒಡೆದು ಮೂವರ ಕಿವಿಯಲ್ಲಿ ಹೇಳಿಡುತ್ತೇವೆ, ಬರೆದಿಡುವಂತಿಲ್ಲ. ಆ ಮೂವರು ಒಬ್ಬರಿಗೊಬ್ಬರು ಮಾತು ಬಿಟ್ಟವರೇ ಆಗಿರಬೇಕು. ಸ್ನೇಹಿತರಾದರೆ ಚಹಾ ಕುಡಿಯುತ್ತ ಪಾಲು ಕೂಡಿಸಿಬಿಡುತ್ತಾರೆ ಎಂಬ ಭಯ. ಪಾಲುದಾರರು ರಾಜಿಯಾದರೆ ಕೀಲಿಮನೆಗೆ ತಿಳಿಸಬೇಕು, ಆಗ ಅವರ ಪಾಲು ರದ್ದು. ನಮ್ಮ ಊರಿನಲ್ಲಿ ಒಳ್ಳೆಯ ಜಗಳಗಂಟರಿಗೆ ಇರುವ ಮರ್ಯಾದೆ ಬೇರೆ ಯಾರಿಗೂ ಇಲ್ಲ.

ನನ್ನ ಆಯಿ, ಎಂದರೆ ಅಜ್ಜಿ, ಪಾರವ್ವ ಖಣ ನೇಯುವವಳು. ಹುಣಸೆಹೂವಿನ ಖಣ ಅವಳೇ ಕಟ್ಟಿದ ವಿನ್ಯಾಸ. ಹೋದ ತಿಂಗಳು ಬಂದ ಜ್ವರ ಅವಳ ನೆನಪಿನಿಂದ ತಾಯಿಮಾತೊಂದನ್ನೇ ಆರಿಸಿಕೊಂಡು ಹೋಯಿತು. ಯಾರ ಮದುವೆಯಲ್ಲಿ ಯಾರು ಎಷ್ಟು ಹೋಳಿಗೆ ತಿಂದರೆಂಬುದು ಇನ್ನೂ ನೆನಪಿದೆ. ಮಗ್ಗದ ಕೀಲಿ ಗೂಡಿನಲ್ಲಿ ಸಿಕ್ಕಿಕೊಂಡಿತು. ಕೀಲಿಯಿಲ್ಲದೆ ನಮ್ಮ ಮಗ್ಗಗಳು ಒಂದು ಎಳೆಯನ್ನೂ ಎತ್ತುವುದಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ನಮ್ಮ ಕಾಲದಲ್ಲೂ ಮದ್ದಿಲ್ಲದ ಕಾಯಿಲೆಗಳಿವೆ. ವರ್ಷ ಮುಗಿಯುವವರೆಗೆ ಕಂಡರೆ ಹೆಚ್ಚು ಎಂದರು ವೈದ್ಯರು. ಹುಣಸೆಹೂವು ಮಗ್ಗದ ಮೇಲೆ ಅರಳುವುದನ್ನು ಇನ್ನೊಂದು ಸಲ ನೋಡಬೇಕೆಂಬುದೊಂದೇ ಅವಳ ಆಸೆ.

ಹನ್ನೆರಡು ದಿನದ ಹಿಂದೆ ನಾನು ಮೂವರು ಪಾಲುದಾರರನ್ನೂ ಆಯಿಯ ಮನೆಗೆ ಕರೆಸಿದೆ. ಮೊದಲ ಪಾಲಿನವರು ನೂಲಿಗೆ ಬಣ್ಣ ಹಾಕುವ ಸಿದ್ರಾಮಪ್ಪ, ನಡುವಿನ ಪಾಲು ಆಯಿಯ ಜೊತೆ ನೇಯುತ್ತಿದ್ದ ಗುರುಶಾಂತವ್ವನದು, ಕೊನೆಯದು ಮಗ್ಗ ರಿಪೇರಿಯ ಖಾಜಾಸಾಬರದು. ಮೂವತ್ತು ವರ್ಷದಿಂದ ಇವರು ಒಬ್ಬರಿಗೊಬ್ಬರು ಆಗದವರೆಂದೇ ಊರು ನಂಬಿತ್ತು. ಬಂದವರು ಮೂರು ಮೂಲೆಯಲ್ಲಿ ಕುಳಿತು, ಒಬ್ಬೊಬ್ಬರಾಗಿ ಬಂದು ತಮ್ಮ ನಾಲ್ಕು ಪದ ಟೈಪಿಸಿದರು. ಗೂಡು ತೆರೆಯಲಿಲ್ಲ. ಮತ್ತೆ ಟೈಪಿಸಿದರು, ಆಗಲೂ ಇಲ್ಲ. ಪರದೆಯ ಮೇಲೆ ಏನೂ ಮೂಡುವುದಿಲ್ಲವಲ್ಲ, ತಪ್ಪಿದ್ದು ಯಾರೆಂದು ಹೇಳುವುದು ಹೇಗೆ? ಗುರುಶಾಂತವ್ವ ಗಂಡಸರಿಬ್ಬರನ್ನೂ ಕೆಕ್ಕರಿಸಿ ನೋಡಿದಳು. ಅವರಿಬ್ಬರೂ ನೆಲ ನೋಡಿದರು. ನನಗೆ ಆಗಲೇ ಅನುಮಾನ ಬಂತು.

ಕೊನೆಗೆ ಖಾಜಾಸಾಬರು ಬಾಯಿಬಿಟ್ಟರು. ಅವರಿಬ್ಬರೂ ರಾಜಿಯಾಗಿ ಹನ್ನೊಂದು ವರ್ಷವಾಗಿತ್ತಂತೆ. ಆಯಿಯ ಪಾಲು ಕೆಡಬಾರದೆಂದು ಬೀದಿಯಲ್ಲಿ ಬೈದಾಡಿ, ಹಿತ್ತಲಲ್ಲಿ ಕುಳಿತು ಚೌಕಾಬಾರ ಆಡುತ್ತಿದ್ದರು. ಸಾಲದ್ದಕ್ಕೆ, ಮುಪ್ಪಿನಲ್ಲಿ ಮರೆತೀತೆಂದು ತಮ್ಮ ಪಾಲುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಎಂಟೂ ಪದಗಳನ್ನು ಹಾಡಿಗೆ ಕೂರುವಂತೆ ಹಿಂದೆಮುಂದೆ ಮಾಡಿ ಜೋಡಿಸಿದ್ದರು. ಕವಡೆ ಹಾಕುವಾಗಲೆಲ್ಲ ಅದೇ ಹಾಡು. ಈಗ ಹಾಡು ಇಬ್ಬರಿಗೂ ಬಾಯಿಪಾಠ, ಯಾವ ಪದ ಯಾರದೆಂದು ಇಬ್ಬರಿಗೂ ಗೊತ್ತಿಲ್ಲ. ಕಾಪಾಡಲು ಹೋಗಿಯೇ ಕಲಸುಮೇಲೋಗರ ಮಾಡಿಟ್ಟಿದ್ದರು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಆ ಇಬ್ಬರು ಮುದುಕರ ಮೇಲೆ ಸಿಟ್ಟು ಬಂತು, ಪಾಪವೂ ಅನ್ನಿಸಿತು.

ಆಗ ಗುರುಶಾಂತವ್ವ ಎದ್ದು ನಿಂತಳು. “ಈ ಸಿದ್ರಾಮಪ್ಪನ ಬಾಯಿಗೆ ಬೀಗ ಎಲ್ಲೈತಿ? ಪಾಲು ಕೊಟ್ಟ ದಿನ ಈ ಮನಿಯಿಂದ ಹೊಂಡದ ತನಕ ತನ್ನ ನಾಕೂ ಮಾತು ಒದರಕೋತ ಹೋದ. ನಾ ಹಿಂದಿಂದ ಹೊಂಟಿದ್ನಿ. ಏಣಿ, ಸಾಸಿವಿ, ಗಾಲಿ, ಮಜ್ಜಿಗಿ. ಅಲ್ಲಂತ ಹೇಳ್ಲಿ ನೋಡೂಣು.”

ಆ ತಾಯಿಮಾತು ಈಗ ಬದಲಾಗಿದೆ, ಆದ್ದರಿಂದ ನಿಮಗೆ ತಿಳಿಸುವುದರಲ್ಲಿ ತಪ್ಪಿಲ್ಲ. ಎಂಟರಲ್ಲಿ ನಾಲ್ಕು ತೆಗೆದಿಟ್ಟ ಕೂಡಲೇ ಉಳಿದ ನಾಲ್ಕು ಖಾಜಾಸಾಬರ ಬಾಯಲ್ಲಿ ಮೊದಲಿನ ಸಾಲಿಗೆ ಬಂದು ಕುಳಿತವು. ಟೈಪಿಸಿದೆವು, ಗೂಡು ತೆರೆಯಿತು. ಮೂವತ್ತು ವರ್ಷ ಈ ವಿಷಯ ಏಕೆ ಹೇಳಲಿಲ್ಲವೆಂದು ನಾನು ಗುರುಶಾಂತವ್ವನನ್ನು ಕೇಳಿದೆ. “ಹೇಳಿದ್ರ ಅವನ್ನ ಪಾಲಿನಿಂದ ಬಿಡಸ್ತಿದ್ರಿ. ಆಮ್ಯಾಲ ನನಗ ದಿನಾ ಬೈಯಾಕ ಯಾರಿದ್ರು?” ಎಂದಳು. ದಿನವೂ ಬೆಳಿಗ್ಗೆ ಅಂಗಳ ಗುಡಿಸುತ್ತ ಆ ನಾಲ್ಕು ಪದ ಮನಸ್ಸಿನಲ್ಲೇ ಹೇಳಿ ಹೇಳಿ ಸಿದ್ರಾಮಪ್ಪನವರನ್ನು ಬೈಯುತ್ತಿದ್ದಳಂತೆ. ಮೂರರಲ್ಲಿ ಎರಡು ಪಾಲು ಒಬ್ಬಳ ಹೊಟ್ಟೆಯಲ್ಲಿದ್ದವು, ಒಂದು ಅಕ್ಷರವೂ ಹೊರಗೆ ಬಿದ್ದಿರಲಿಲ್ಲ.

ಅಂದೇ ಮಧ್ಯಾಹ್ನ ಮಗ್ಗ ಎದ್ದಿತು. ಆಯಿ ಮೂಗು ತಾಗುವಷ್ಟು ಹತ್ತಿರ ಬಾಗಿ, ಒಂದು ಗೇಣು ಬಟ್ಟೆಯಾಗುವವರೆಗೆ ಹುಣಸೆಹೂವು ನೋಡಿದಳು. ಆಮೇಲೆ ಹೊಸ ತಾಯಿಮಾತು ಟೈಪಿಸಿ, ಪದ್ಧತಿ ಗಿದ್ಧತಿ ನೋಡದೆ, ಹನ್ನೆರಡು ಪದಗಳನ್ನೂ ಗುರುಶಾಂತವ್ವನ ಕಿವಿಯಲ್ಲಿ ಹೇಳಿದಳು. “ಮೂರು ಮಂದಿ ಯಾಕ ಬೇಕ? ನೀ ಒಬ್ಬಾಕಿ ಸಾಕು.” ಕೀಲಿಮನೆಯವಳಾಗಿ ನಾನು ಅದನ್ನು ತಡೆಯಬೇಕಿತ್ತು, ತಡೆಯಲಿಲ್ಲ. ಗುರುಶಾಂತವ್ವ ಅತ್ತಳು. ಅತ್ತು ಮುಗಿಸಿ, “ಹಂಗಂತ ಇವರಿಬ್ಬರ ಜೋಡಿ ಮಾತಾಡಾಕಿ ಅಲ್ಲ ನಾ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಈಗ ನಿಮ್ಮ ವಿಷಯ. ನಿಮ್ಮ ಗೂಡಿನಲ್ಲಿ ಮೂವತ್ತೊಂದು ಚೀಟಿಗಳಿವೆ. ವಿದ್ಯುತ್ ಬಿಲ್ಲು, ಗ್ಯಾಸು, ಅಂಚೆ ಕಚೇರಿ, ಅವೆಲ್ಲ ಹಾಗೇ ಇರಲಿ. ಒಂದರ ಮೇಲೆ ‘ಅವ್ವ ಹಾಡಿದ್ದು’ ಎಂದಿದೆ. ಆ ಹಾಡುಗಳ ಕಡತವೂ ನಮ್ಮಲ್ಲೇ ಇದೆ, ಬೀಗ ಹಾಕಿದ್ದು ಹಾಗೆಯೇ ಇದೆ. ನೀವು ನಿಮ್ಮ ತಾಯಿಮಾತನ್ನು ಯಾರಿಗೂ ಹೇಳದೆ ಹೋದಿರಿ. ಇಷ್ಟು ವರ್ಷ ಆ ಹೆಸರನ್ನು ಓದಿದವರೆಲ್ಲ ಓದಿ ಸುಮ್ಮನೆ ಮುಂದೆ ಹೋಗಿದ್ದಾರೆ.

ಯಾರಿಗಾದರೂ ಒಬ್ಬರಿಗೆ ಹೇಳಿಡಿ, ದಾಕ್ಷಾಯಣಿಯವರೆ. ನಿಮ್ಮನ್ನು ಬಹಳ ಪ್ರೀತಿಸುವವರೇ ಆಗಬೇಕೆಂದಿಲ್ಲ. ಸಿಟ್ಟಿನಲ್ಲೂ ನಿಮ್ಮನ್ನು ಮರೆಯದವರು ಸಾಕು. ಅವರು ಇನ್ನೊಬ್ಬರಿಗೆ ಹೇಳಿಯಾರು, ಅವರು ಮತ್ತೊಬ್ಬರಿಗೆ. ಹಾಗೆ ಬಂದು ಅದು ನಮ್ಮ ಊರಿನ ಯಾವುದೋ ಮುದುಕಿಯ ಬಾಯಿ ಸೇರಿರುತ್ತದೆ. ನಾಳೆ ಹೊಸ ವರ್ಷ. ಅವರ ಬಾಯಲ್ಲಿರುವ ಹಳೆಯ ಮಾತುಗಳನ್ನು ನಿಮ್ಮ ಗೂಡಿಗೆ ಟೈಪಿಸಿ ನೋಡಲು, ಬೆಳಿಗ್ಗೆ ಊರಿನ ಮುದುಕಿಯರನ್ನೆಲ್ಲ ಕೀಲಿಮನೆಗೆ ಕರೆದಿದ್ದೇನೆ. ಆಯಿ ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಹಟ ಹಿಡಿದಿದ್ದಾಳೆ. ಮೊನ್ನೆಯಿಂದ ಅವಳಿಗೆ ಏನೂ ಕಾಣುತ್ತಿಲ್ಲ. ಕಿವಿ ಚೆನ್ನಾಗಿ ಕೇಳಿಸುತ್ತದೆ.